ರಾಜಸ್ಥಾನದಲ್ಲಿ ಜನಜಂಗುಳಿ ಇಲ್ಲದ ಜಾಗ ಹೇಳಿ, ಅಮ್ಮ ಮತ್ತು ಮಗಳ ಜೊತೆ ಹೋಗಬೇಕು

ಮಳೆಬಿಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮ ಮತ್ತು ಮಗಳನ್ನು ಕರೆದುಕೊಂಡು ರಾಜಸ್ಥಾನಕ್ಕೆ ಹೊರಟಿದ್ದೇನೆ. ಜೈಪುರ, ಉದಯಪುರ, ಜೈಸಲ್ಮೇರ್ ಹಿಂದೆ ಪ್ಯಾಕೇಜ್ ಟೂರಿನಲ್ಲಿ ನೋಡಿದ್ದಾಗಿದೆ. ಅರಮನೆ, ಒಂಟೆ ಸವಾರಿ, ಅಂಗಡಿ, ಮತ್ತೆ ಬಸ್ಸು. ಊಟಕ್ಕೆ ಕೂತರೂ ಗೈಡ್ ಗಡಿಯಾರ ನೋಡುತ್ತಿದ್ದ. ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ಏನೂ ಗೊತ್ತಾಗಲಿಲ್ಲ.

ಈ ಸಲ ನಿಧಾನವಾಗಿ, ಜಾಸ್ತಿ ಜನ ಹೋಗದ ಕಡೆ ಹೋಗಬೇಕು. ಒಂದು ವಾರದ ಮೇಲೆ ಸ್ವಲ್ಪ ಸಮಯ ಇದೆ. ಅಮ್ಮನಿಗೆ ಮಂಡಿನೋವು, ತುಂಬಾ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಗಳು ಐದನೇ ಕ್ಲಾಸು, ಪ್ರಾಣಿ ಪಕ್ಷಿ ಅಂದರೆ ಪ್ರಾಣ. ಹುಬ್ಬಳ್ಳಿಯಿಂದ ಜೋಧಪುರಕ್ಕೆ ನೇರ ರೈಲು ಇರುವುದರಿಂದ ಅಲ್ಲಿಂದಲೇ ಶುರು ಮಾಡೋಣ ಅಂತ ಯೋಚನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಜೋಧಪುರದಲ್ಲಿದ್ದವಳು

ನಮಸ್ಕಾರ ಮೇಡಂ. ಬ್ಯಾಂಕ್ ಕೆಲಸದ ಮೇಲೆ ನಾನು ಜೋಧಪುರದಲ್ಲಿ ಕೆಲವು ವರ್ಷ ಇದ್ದೆ. ರಜೆ ಸಿಕ್ಕಾಗೆಲ್ಲ ಆ ಕಡೆಯ ಊರು ಸುತ್ತಿದ್ದೇನೆ. ಅಲ್ಲಿನ ಜನ ಹೇಗೆ ಬದುಕುತ್ತಾರೆ ಅಂತ ಕೇಳಿದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಾಗಾದರೆ ಈ ಸಲ ಕೋಟೆಗಳ ಪಟ್ಟಿ ಬಿಟ್ಟುಬಿಡಿ. ನೀರಿನ ಜಾಡು ಹಿಡಿದು ಹೋಗಿ. ಯಾವ ಊರಿನಲ್ಲಿ ಕೆರೆ, ಬಾವಿ, ಜೋಹಡ್ (ಮಳೆನೀರು ನಿಲ್ಲಿಸುವ ಕೊಳ) ಇದೆಯೋ ಅಲ್ಲಿ ಇಳಿಯಿರಿ. ಹಕ್ಕಿ, ಹೊಲ, ವ್ಯಾಪಾರಿಗಳ ಮನೆ, ದೇವಸ್ಥಾನ ಎಲ್ಲವೂ ಅಲ್ಲೇ ಸಿಗುತ್ತವೆ.

ನಾನು ಬಾಡಿಗೆಗಿದ್ದ ಮನೆಯ ಅಂಗಳದ ಕೆಳಗೆ ಟಾಂಕಾ ಇತ್ತು. ಅಂದರೆ ಮಳೆನೀರು ತುಂಬಿಡುವ ನೆಲದೊಳಗಿನ ತೊಟ್ಟಿ, ಒಳಗೆಲ್ಲ ಸುಣ್ಣದ ಗಾರೆ. ಮಳೆಗಾಲ ಬರುವ ಮುಂಚೆ ಮನೆಯ ಯಜಮಾನಿ ತಾರಸಿಯನ್ನು ಗುಡಿಸಿ ತೊಳೆಸುತ್ತಿದ್ದರು. ಮೊದಲ ಮಳೆಯ ನೀರು ಹೊರಗೆ, ಆಮೇಲಿನದು ತೊಟ್ಟಿಗೆ. ಮನೆಗೆ ನಲ್ಲಿ ಬಂದು ಎಷ್ಟೋ ಕಾಲ ಆಗಿದ್ದರೂ ಅವರು ಕುಡಿಯುತ್ತಿದ್ದದ್ದು ಆ ನೀರನ್ನೇ. ಅದರ ಮುಚ್ಚಳದ ಹತ್ತಿರ ಯಾರೂ ಚಪ್ಪಲಿ ಹಾಕಿ ಓಡಾಡುವ ಹಾಗಿರಲಿಲ್ಲ. ಆ ಮನೆಯಿಂದಲೇ ನನಗೆ ಈ ಹುಚ್ಚು ಹತ್ತಿದ್ದು.

ಜೋಧಪುರದಲ್ಲಿ ಇಳಿದ ದಿನ ಸುಧಾರಿಸಿಕೊಂಡು, ಮಾರನೇ ದಿನ ಖೇಜಡ್ಲಿಗೆ ಹೋಗಿ. ನಗರದಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. 1730ರಲ್ಲಿ ಜೋಧಪುರದ ಮಹಾರಾಜನ ಅರಮನೆ ಕೆಲಸಕ್ಕೆ ಸುಣ್ಣ ಸುಡಬೇಕಿತ್ತು. ಅದಕ್ಕೆ ಸೌದೆ ಬೇಕು ಅಂತ ಆಳುಗಳು ಇಲ್ಲಿಗೆ ಬಂದು ಖೇಜ್ರಿ ಮರ ಕಡಿಯಲು ನಿಂತರು. ಮರ, ಪ್ರಾಣಿ ಕಾಯುವುದನ್ನೇ ಧರ್ಮ ಅಂತ ನಂಬಿದ ಬಿಷ್ಣೋಯಿ ಸಮುದಾಯದ ಅಮೃತಾ ದೇವಿ ಮರ ತಬ್ಬಿ ನಿಂತರು, ಅವರನ್ನು ಕೊಂದರು. ಅವರ ಮೂವರು ಹೆಣ್ಣುಮಕ್ಕಳೂ ಹಾಗೇ ಪ್ರಾಣ ಕೊಟ್ಟರು. ಕೊನೆಗೆ ಸುತ್ತಲಿನ ಊರುಗಳಿಂದ ಬಂದ 363 ಜನ ಸತ್ತರು. ಖೇಜ್ರಿ ಅಂದರೆ ನಾವು ವಿಜಯದಶಮಿಗೆ ಪೂಜೆ ಮಾಡುವ ಬನ್ನಿ ಮರ. ಬರಗಾಲದಲ್ಲೂ ಹಸಿರಾಗಿರುತ್ತದೆ. ಎಲೆ ದನ, ಒಂಟೆ, ಆಡಿಗೆ ಮೇವು. ಕಾಯಿ ಮನುಷ್ಯರಿಗೆ ಪಲ್ಯ, ಅದೇ ಸಾಂಗ್ರಿ. ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ಒಂದು ಮರಕ್ಕಾಗಿ ಜನ ಯಾಕೆ ಸತ್ತರು ಅಂತ ಮಗಳು ಕೇಳಿದರೆ ಮೊದಲು ಇದನ್ನು ಹೇಳಿ. ಅಲ್ಲಿ ಈಗ ಸ್ಮಾರಕ ಮತ್ತು ಒಂದು ತೋಪು ಇದೆ. ಸುತ್ತಲಿನ ಬಿಷ್ಣೋಯಿ ಊರುಗಳ ಹೊಲಗಳಲ್ಲಿ ಕೃಷ್ಣಮೃಗ, ಚಿಂಕಾರಾ ಮನುಷ್ಯರಿಗೆ ಹೆದರದೆ ಮೇಯುವುದನ್ನು ರಸ್ತೆಯಿಂದಲೇ ನೋಡಬಹುದು.

ಆಮೇಲೆ ಉತ್ತರಕ್ಕೆ ಹೊರಟರೆ 65 ಕಿಲೋಮೀಟರ್‌ಗೆ ಓಸಿಯಾಂ. 8ನೇ ಶತಮಾನದಿಂದ ಕಟ್ಟುತ್ತಾ ಬಂದ ದೇವಸ್ಥಾನಗಳ ಊರು. ಸಚಿಯಾ ಮಾತಾ ಗುಡಿಗೆ ಮೆಟ್ಟಿಲು ಜಾಸ್ತಿ, ಅಮ್ಮನಿಗೆ ಬೇಡ. ಕೆಳಗಿರುವ ಮಹಾವೀರ ಬಸದಿ ಮತ್ತು ಹರಿಹರ ಗುಡಿಗಳು ಸಾಕು. ಅರ್ಧ ದಿನದ ಕೆಲಸ, ಅಷ್ಟೆ.

ಈಗ ಖೀಚನ್. ನೀವು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಫಲೋದಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಸಣ್ಣ ಊರು. ಫಲೋದಿ ಅಂದರೆ 2016ರ ಮೇ ತಿಂಗಳಲ್ಲಿ 51 ಡಿಗ್ರಿ ಬಿಸಿಲು ದಾಖಲಾದ ಊರು. ಅಂಥ ಕಡೆ ಚಳಿಗಾಲದಲ್ಲಿ ಸಾವಿರಾರು ಕುರ್ಜಾ ಹಕ್ಕಿಗಳು ಬಂದು ಇಳಿಯುತ್ತವೆ. ಪಕ್ಷಿ ನೋಡುವವರು ಡೆಮೊಸೆಲ್ ಕ್ರೇನ್ ಅನ್ನುತ್ತಾರೆ. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಮಂಗೋಲಿಯಾ, ಮಧ್ಯ ಏಷ್ಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಶುರು, ಮಾರ್ಚ್ ಹೊತ್ತಿಗೆ ವಾಪಸ್.

ಇವು ಇಲ್ಲಿಗೇ ಬರುವುದಕ್ಕೆ ಊರಿನವರೇ ಕಾರಣ. ಊರ ಅಂಚಿನಲ್ಲಿ ಬೇಲಿ ಹಾಕಿದ ಒಂದು ಅಂಗಳ ಇದೆ. ಚುಗ್ಗಾ ಘರ್ ಅನ್ನುತ್ತಾರೆ. ದಿನವೂ ಅಲ್ಲಿ ಕಾಳು ಹರಡುತ್ತಾರೆ. ಊರಿನ ಜೈನ ವ್ಯಾಪಾರಿ ಮನೆತನಗಳು ಈಗ ದೂರದ ನಗರಗಳಲ್ಲಿವೆ, ಆದರೂ ಕಾಳಿನ ದುಡ್ಡು ಅಲ್ಲಿಂದ ಬರುತ್ತಲೇ ಇದೆ. ಸೂರ್ಯ ಹುಟ್ಟುವ ಮುಂಚೆಯೇ ಹೋಗಿ ಕೂರಬೇಕು. ಮೊದಲು ದೂರದಿಂದ ಸದ್ದು ಕೇಳುತ್ತದೆ. ಆಮೇಲೆ ಒಂದು ಸಾಲು, ಅದರ ಹಿಂದೆ ಇನ್ನೊಂದು. ತುಂಬಾ ಹೊತ್ತು ಸುತ್ತಲೇ ಸುತ್ತುತ್ತವೆ, ಇಳಿಯುವುದಿಲ್ಲ. ಒಂದು ಧೈರ್ಯ ಮಾಡಿ ಇಳಿದರೆ ಮುಗಿಯಿತು, ಅಂಗಳ ತುಂಬಿಹೋಗುತ್ತದೆ. ಮಾತು ಕೇಳಿಸದಷ್ಟು ಗದ್ದಲ.

ಕಾಳು ತಿಂದ ಮೇಲೆ ಅವು ಹೋಗುವುದು ಊರ ಹೊರಗಿನ ಕೆರೆಗೆ. ಜಾಸ್ತಿ ಜನ ಬೆಳಗಿನ ಫೋಟೋ ಮುಗಿಸಿ ಹೊರಟುಬಿಡುತ್ತಾರೆ. ನೀವು ಉಳಿಯಿರಿ. ಕೆರೆ ದಂಡೆಯಲ್ಲಿ ದೂರ ಕೂತರೆ ಅವು ನೀರು ಕುಡಿಯುವುದು, ರೆಕ್ಕೆ ಬಿಚ್ಚಿ ಕುಣಿಯುವುದು ನೋಡಬಹುದು. ಈ ಕೆರೆ ಹಕ್ಕಿಗಾಗಿ ಮಾಡಿದ್ದಲ್ಲ, ಊರಿಗಾಗಿ ಉಳಿಸಿಕೊಂಡದ್ದು. ಸುತ್ತಲಿನ ಬಯಲಿನ ನೀರು ಅಲ್ಲಿಗೇ ಹರಿದು ಬರುವಂತೆ ನೆಲ ಬಿಟ್ಟಿದ್ದಾರೆ. ಅದು ಇಲ್ಲದಿದ್ದರೆ ಎಷ್ಟು ಕಾಳು ಚೆಲ್ಲಿದರೂ ಹಕ್ಕಿ ನಿಲ್ಲುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಖೀಚನ್ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಉದಯಪುರ ಹತ್ತಿರದ ಮೇನಾರ್ ಜೊತೆಗೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಜೋಧಪುರದ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿದ್ದೆ.

ಅಲ್ಲಿಯ ಹೆಂಗಸರ ಹಾಡುಗಳಲ್ಲಿ ಕುರ್ಜಾ ಹಕ್ಕಿ ಅಂದರೆ ದೂರ ದೇಶಕ್ಕೆ ದುಡಿಯಲು ಹೋದ ಗಂಡನಿಗೆ ಸುದ್ದಿ ಒಯ್ಯುವವಳು. ತಂಗಿದ ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಹಾಡಿ ಅಂತ ಕೇಳಿ. ಸಂಕೋಚ ಪಡದೆ ಹಾಡುತ್ತಾರೆ.

ಖೀಚನ್‌ನಿಂದ ಪೂರ್ವಕ್ಕೆ ದೂರದ ದಾರಿ. ಒಂದೇ ಸಲಕ್ಕೆ ಓಡಿಸಬೇಡಿ, ನಾಗೌರ್‌ನಲ್ಲಿ ರಾತ್ರಿ ನಿಲ್ಲಿ. ಕೋಟೆ ಬಿಡಿ ಅಂದೆನಲ್ಲ, ನಾಗೌರ್ ಕೋಟೆ ಮಾತ್ರ ನೋಡಿ. ಅದು ಸಮತಟ್ಟಾದ ನೆಲದ ಮೇಲಿದೆ, ಅಮ್ಮ ಆರಾಮಾಗಿ ನಡೆಯಬಹುದು. ಒಳಗೆಲ್ಲ ಕೊಳ, ಕಾಲುವೆ, ಕಾರಂಜಿ. ಬಿದ್ದುಹೋಗುತ್ತಿದ್ದ ಈ ನೀರಿನ ವ್ಯವಸ್ಥೆಯನ್ನೂ ಅರಮನೆಗಳನ್ನೂ ತಾಳ್ಮೆಯಿಂದ ರಿಪೇರಿ ಮಾಡಿದ್ದಾರೆ. ಆ ಕೆಲಸಕ್ಕೆ 2002ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂತು. ಹೊಸ ಬಣ್ಣ ಬಳಿದು ಹಾಳು ಮಾಡಿಲ್ಲ ಅನ್ನುವುದೇ ನನಗೆ ಇಷ್ಟವಾದದ್ದು.

ಅಲ್ಲಿಂದ ತಾಲ್ ಛಾಪರ್ ಅಭಯಾರಣ್ಯ, ಆಮೇಲೆ ಚೂರು ಅನ್ನುವ ಊರು ಮತ್ತು ಶೇಖಾವಟಿ ಸೀಮೆ. ತಾಲ್ ಛಾಪರ್ ಬಗ್ಗೆ ಪಕ್ಷಿ ಬಲ್ಲವರು ಯಾರಾದರೂ ಬರೆದರೆ ಒಳ್ಳೆಯದು. ನಾನು ಚೂರು ಕಡೆ ಬರುತ್ತೇನೆ.

ಚೂರು ಊರಿನ ಹೊರಗೆ, ರತನ್‌ಗಢ ರಸ್ತೆಯಲ್ಲಿ ಸೇಠಾಣಿ ಕಾ ಜೋಹಡಾ ಅಂತ ಒಂದು ಕಟ್ಟೆಕೊಳ ಇದೆ. ಸುತ್ತ ಮರಳು ದಿಬ್ಬ, ನಡುವೆ ಮೆಟ್ಟಿಲು ಇಳಿಯುವ ಚೌಕಾಕಾರದ ಕೊಳ. 1899ರಲ್ಲಿ ಭಾರಿ ಬರ ಬಿತ್ತು. ವಿಕ್ರಮ ಶಕೆಯ 1956 ಆದ್ದರಿಂದ (ಛಪ್ಪನ್ ಅಂದರೆ 56) ಜನ ಅದನ್ನು ಛಪ್ಪನಿಯಾ ಅಕಾಲ್ ಅನ್ನುತ್ತಾರೆ, ಇವತ್ತಿಗೂ ಅದರ ಹೆಸರು ಹೇಳುವಾಗ ದನಿ ತಗ್ಗುತ್ತದೆ. ಆ ಬರದಲ್ಲಿ ಬಾಗಲಾ ಮನೆತನದ ಒಬ್ಬ ವಿಧವೆ ಇದನ್ನು ಕಟ್ಟಿಸಿದರು. ಹಸಿದವರಿಗೆ ಕೂಲಿ ಸಿಕ್ಕಿತು, ಊರಿಗೆ ನೀರು ಉಳಿಯಿತು. ಯಾವ ರಾಜನ ಅರಮನೆ ನೋಡಿದಾಗಲೂ ನನಗೆ ಆಗದಷ್ಟು ಗೌರವ ಈ ಕೊಳದ ಮುಂದೆ ಆಗುತ್ತದೆ. ಅಲ್ಲಿ ಟಿಕೆಟ್ ಇಲ್ಲ, ಗೈಡ್ ಇಲ್ಲ. ಸಂಜೆ ಹೋಗಿ ಸುಮ್ನೆ ಕೂತು ಬನ್ನಿ.

ಶೇಖಾವಟಿಯಲ್ಲಿ ಎಲ್ಲರೂ ಮಂಡಾವಾಕ್ಕೆ ಹೋಗುತ್ತಾರೆ. ನೀವು ರಾಮ್‌ಗಢ, ಫತೇಪುರ್, ನವಲ್‌ಗಢ ನೋಡಿ. ಹಿಂದೆ ಗುಜರಾತಿನ ಬಂದರುಗಳಿಗೂ ದೆಹಲಿಗೂ ನಡುವೆ ಒಂಟೆ ಸಾಲುಗಳು ಈ ದಾರಿಯಲ್ಲಿ ಓಡಾಡುತ್ತಿದ್ದವು. ಬ್ರಿಟಿಷರ ಕಾಲದಲ್ಲಿ ವ್ಯಾಪಾರ ಕಲ್ಕತ್ತಾ, ಬೊಂಬಾಯಿಗೆ ಹೋಯಿತು. ಇಲ್ಲಿಯ ವ್ಯಾಪಾರಿಗಳೂ ಅದರ ಹಿಂದೆ ಹೋದರು. ಆದರೆ ಹೆಂಡತಿ ಮಕ್ಕಳು ಇಲ್ಲೇ ಉಳಿದರು. ದುಡ್ಡು ಇಲ್ಲಿಗೆ ಬಂದು ಹವೇಲಿ (ಅಂಗಳವಿರುವ ದೊಡ್ಡ ಮನೆ), ಬಾವಿ, ಜೋಹಡ್, ಶಾಲೆ ಆಯಿತು. ಹವೇಲಿಗಳ ಗೋಡೆ ತುಂಬಾ ಚಿತ್ರ. ಕೃಷ್ಣ, ರಾಮಾಯಣ, ಅದರ ಪಕ್ಕದಲ್ಲೇ ರೈಲು, ಮೋಟಾರು, ಗ್ರಾಮಾಫೋನ್, ಟೋಪಿ ಹಾಕಿದ ಸಾಹೇಬರು. ಕೆಲವು ಚಿತ್ರಗಳಲ್ಲಿ ರೈಲಿನ ಡಬ್ಬಿಗಳು ಕಿಟಕಿ ಬಾಗಿಲಿನ ಮನೆಗಳ ಹಾಗೇ ಇವೆ. ಮಗಳಿಗೆ ಇವನ್ನು ಹುಡುಕುವ ಕೆಲಸ ಕೊಡಿ, ಅರ್ಧ ದಿನ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಚಿತ್ರ ಯಾವ ಕಾಲದ್ದು ಅಂತ ಬಣ್ಣ ನೋಡಿ ಅಂದಾಜು ಮಾಡಬಹುದು. ಕಾವಿ, ಹಳದಿ ಮಣ್ಣಿನಂಥ ಮೆತ್ತಗಿನ ಬಣ್ಣಗಳಿದ್ದರೆ ಹಳೆಯದು. ಕಡು ನೀಲಿ, ಕಡು ಕೆಂಪು ಜಾಸ್ತಿ ಇದ್ದರೆ 19ನೇ ಶತಮಾನದ ಕೊನೆಯ ಭಾಗ ಅಥವಾ ಆಮೇಲಿನದು, ಆಗ ಜರ್ಮನಿಯಿಂದ ರಾಸಾಯನಿಕ ಬಣ್ಣ ಬರಲು ಶುರುವಾಗಿತ್ತು. ನವಲ್‌ಗಢದ ಪೋದ್ದಾರ್ ಹವೇಲಿ 1902ರದ್ದು, ಈಗ ಮ್ಯೂಸಿಯಂ. ಅಲ್ಲಿ ಚಿತ್ರಗಳನ್ನು ಚೆನ್ನಾಗಿ ಕಾಪಾಡಿದ್ದಾರೆ. ಅದನ್ನು ನೋಡಿ ರಾಮ್‌ಗಢಕ್ಕೆ ಹೋದರೆ ಬೇಜಾರಾಗುತ್ತದೆ. ಎಷ್ಟೋ ಹವೇಲಿಗಳಿಗೆ ಬೀಗ, ಗೋಡೆ ಉದುರುತ್ತಿದೆ. ಒಬ್ಬ ಚೌಕಿದಾರ ಇರುತ್ತಾನೆ, ಕೇಳಿದರೆ ಒಳಗೆ ಬಿಡುತ್ತಾನೆ, ಅವನಿಗೆ ಕೈಲಾದಷ್ಟು ಕೊಡಿ. ಹೋಗಿ ನೋಡುವವರು ಇದ್ದರೆ ಅಷ್ಟಾದರೂ ಉಳಿದೀತು ಅಂತ ನನ್ನ ಆಸೆ.

ಆ ಊರುಗಳ ಬಾವಿಗಳನ್ನೂ ಗಮನಿಸಿ. ನಾಲ್ಕು ಮೂಲೆಗೆ ನಾಲ್ಕು ಎತ್ತರದ ಮಿನಾರು. ದೂರದಿಂದ ಬರುವ ದಾರಿಹೋಕನಿಗೆ ಇಲ್ಲಿ ನೀರಿದೆ ಅಂತ ಕಾಣಲಿ ಅಂತ ಹಾಗೆ ಕಟ್ಟಿದ್ದಾರೆ.

ಹಕ್ಕಿಜಾಡು

ತಾಲ್ ಛಾಪರ್ ಬಗ್ಗೆ ನಾನು ಹೇಳುತ್ತೇನೆ. ಚೂರು ಜಿಲ್ಲೆ, ಸುಜಾನ್‌ಗಢದ ಹತ್ತಿರ. ಹಿಂದೆ ಬಿಕಾನೇರ್ ಮಹಾರಾಜರು ಬೇಟೆ ಆಡುತ್ತಿದ್ದ ಜಾಗ. ಬರೀ 7 ಚದರ ಕಿಲೋಮೀಟರ್ ಚಿಲ್ಲರೆ, ಪೂರ್ತಿ ಸಮತಟ್ಟಾದ ಹುಲ್ಲುಗಾವಲು. ಅಷ್ಟರಲ್ಲೇ ಕೃಷ್ಣಮೃಗಗಳ ದೊಡ್ಡ ದೊಡ್ಡ ಹಿಂಡು. ಅಮ್ಮ ಜೀಪಿನಿಂದ ಇಳಿಯುವುದೇ ಬೇಡ. ಬೆಳಿಗ್ಗೆ ಮಂಜಿನಲ್ಲಿ ಗಂಡುಗಳು ಕೊಂಬು ತಾಗಿಸಿ ಕಾದಾಡುತ್ತವೆ. ಚಳಿಗಾಲದಲ್ಲಿ ಬೇಟೆ ಹಕ್ಕಿಗಳು ತುಂಬಾ ಬರುತ್ತವೆ. ಸಂಜೆ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ಹುಲ್ಲಿನಲ್ಲಿ ರಾತ್ರಿ ಕಳೆಯಲು ಒಂದೊಂದಾಗಿ ಇಳಿಯುವುದನ್ನು ಮಗಳಿಗೆ ತೋರಿಸಿ. ಬೈನಾಕ್ಯುಲರ್ ಮರೆಯಬೇಡಿ.

ಖೀಚನ್‌ನಲ್ಲಿ ಒಂದು ಎಚ್ಚರ. ಕಡು ಬಣ್ಣದ ಬಟ್ಟೆ ಬೇಡ. ಹಕ್ಕಿ ಇಳಿಯುವ ಹೊತ್ತಿಗೆ ಎದ್ದು ನಿಲ್ಲಬೇಡಿ. ಡ್ರೋನ್ ಹಾರಿಸುವವರನ್ನು ಕಂಡರೆ ಊರಿನವರಿಗೆ ಹೇಳಿ.

ಚಂಬಲ್ ದಂಡೆ

ಮೇಲಿನ ಮೇಡಂ ಬರೆದದ್ದು ಚೆನ್ನಾಗಿದೆ, ಆದರೆ ನೀರಿನ ಜಾಡು ಅಂದ ಮೇಲೆ ಕೋಟಾ, ಬೂಂದಿ ಇರುವ ಹಾಡೋತಿ ಸೀಮೆ ಬಿಟ್ಟರೆ ಹೇಗೆ? ಬೂಂದಿ ನೋಡಲೇಬೇಕು. ರಾಣೀಜಿ ಕೀ ಬಾವಡಿ 1699ರಲ್ಲಿ ರಾಣಿ ನಾಥಾವತಿ ಕಟ್ಟಿಸಿದ ಮೆಟ್ಟಿಲುಬಾವಿ, 46 ಮೀಟರ್ ಆಳ. ಆ ಊರಿನಲ್ಲಿ ಇಂಥ ಬಾವಿಗಳು ಐವತ್ತಕ್ಕೂ ಜಾಸ್ತಿ. ನವಲ್ ಸಾಗರ್ ಕೆರೆಯ ನಡುವೆ ಅರ್ಧ ಮುಳುಗಿದ ವರುಣನ ಗುಡಿ ಇದೆ. ಅರಮನೆಯ ಚಿತ್ರಶಾಲೆಯ ಹಸಿರು ನೀಲಿ ಚಿತ್ರಗಳನ್ನು ನೋಡಿ ನಾನು ಹೊರಗೆ ಬರಲು ಮನಸ್ಸಾಗದೆ ನಿಂತಿದ್ದೆ. ಆದರೆ ಅಲ್ಲಿಗೆ ಏರು ದಾರಿ.

ಝಾಲಾವಾಡ್ ಕಡೆ ಗಾಗ್ರೋನ್ ಕೋಟೆಗೆ ಮೂರು ಕಡೆ ನದಿ, ಆಹೂ ಮತ್ತು ಕಾಲಿ ಸಿಂಧ್. 2013ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಆದರೂ ನಾನು ಹೋದಾಗ ನಮ್ಮನ್ನು ಬಿಟ್ಟು ಕುರಿ ಕಾಯುವ ಹುಡುಗರು ಮಾತ್ರ ಇದ್ದರು. ರಾಜ್ಯ ಬಿಟ್ಟು ಭಕ್ತನಾದ ಸಂತ ಪೀಪಾ ಈ ಕೋಟೆಯ ಅರಸ.

ಮಳೆಬಿಲ್ಲು

ಎಲ್ಲರಿಗೂ ತುಂಬಾ ಧನ್ಯವಾದ. ಖೀಚನ್ ಬಗ್ಗೆ ಓದಿ ಹೇಳಿದೆ, ಮಗಳು ಈಗಲೇ ಕುರ್ಜಾ ಚಿತ್ರ ಬರೆಯುತ್ತಾ ಕೂತಿದ್ದಾಳೆ. ಮೂರು ಪ್ರಶ್ನೆ. ಜನವರಿಯಲ್ಲಿ ಚಳಿ ಎಷ್ಟು? ಬೂಂದಿಯನ್ನೂ ಇದರ ಜೊತೆ ಸೇರಿಸಬಹುದೇ? ಬಾಡ್ಮೇರ್ ಹತ್ತಿರ ಕಿರಾಡೂ ಅಂತ ದೇವಸ್ಥಾನ ಇದೆಯಂತೆ, ಸಂಜೆ ಅಲ್ಲಿ ಉಳಿದರೆ ಕಲ್ಲಾಗುತ್ತಾರೆ ಅಂತ ವೀಡಿಯೋ ನೋಡಿ ಅಮ್ಮ ಹೆದರಿದ್ದಾರೆ.

ಜೋಧಪುರದಲ್ಲಿದ್ದವಳು

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚೂರು, ಫತೇಪುರ್ ಕಡೆ ಜನವರಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ. ಮರಳು ಬೇಗ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಇಲ್ಲ, ಮೋಡ ಇಲ್ಲ. ಹಗಲಿನ ಬಿಸಿ ರಾತ್ರಿ ಉಳಿಯುವುದಿಲ್ಲ. ಅಮ್ಮನಿಗೆ ಉಣ್ಣೆಯ ಕಾಲುಚೀಲ, ಮಂಡಿಗೆ ಬೆಚ್ಚಗಿನ ಪಟ್ಟಿ ಇರಲಿ. ಹಳೆಯ ಹವೇಲಿಗಳ ಕೋಣೆ ತುಂಬಾ ತಣ್ಣಗಿರುತ್ತದೆ, ಬಿಸಿಲು ಬೀಳುವ ಕೋಣೆ ಕೇಳಿ. ನೆಲ ಅಂತಸ್ತಿನಲ್ಲೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ, ಆ ಮನೆಗಳ ಮೆಟ್ಟಿಲು ಕಡಿದಾಗಿರುತ್ತವೆ. ರಾತ್ರಿ ಬಾಜ್ರಾ ರೊಟ್ಟಿ, ಬೆಲ್ಲ, ತುಪ್ಪ ತಿನ್ನಿ, ಮೈ ಬೆಚ್ಚಗಾಗುತ್ತದೆ.

ಕಿರಾಡೂ ಕಥೆಗೆ ಹೆದರುವುದು ಬೇಡ ಅಂತ ಅಮ್ಮನಿಗೆ ಹೇಳಿ. ಅದು ಋಷಿಯ ಶಾಪದ ಹಳೆಯ ಕಥೆ. ಬಾಡ್ಮೇರ್‌ನಿಂದ ಸುಮಾರು 35 ಕಿಲೋಮೀಟರ್. 11, 12ನೇ ಶತಮಾನದ ಐದು ಗುಡಿಗಳು, ಸೋಮೇಶ್ವರ ಗುಡಿಯ ಕೆತ್ತನೆ ಇವತ್ತಿಗೂ ಚೂಪಾಗಿದೆ. ವೀಡಿಯೋ ಮಾಡುವವರು ದೆವ್ವ ದೆವ್ವ ಅಂತ ಕೂಗಿ ಕೂಗಿ ಆ ಕೆತ್ತನೆಯನ್ನು ಯಾರೂ ನೋಡದ ಹಾಗೆ ಮಾಡಿದ್ದಾರೆ, ಅದು ನನಗೆ ಸಿಟ್ಟು ತರಿಸುತ್ತದೆ. ಜೈಸಲ್ಮೇರ್ ಹತ್ತಿರದ ಪಾಳು ಊರು ಕುಲ್‌ಧರಾಕ್ಕೂ ಇದೇ ಗತಿ. ಪಾಳು ಮನೆ ತೋರಿಸಿ ಭೂತದ ಕಥೆ ಹೇಳುತ್ತಾರೆ. ಅಲ್ಲಿದ್ದ ಪಾಲಿವಾಲ್ ಬ್ರಾಹ್ಮಣರು ಆ ಬರಡು ನೆಲದಲ್ಲಿ ಗೋಧಿ ಬೆಳೆದವರು. ಕಲ್ಲು ನೆಲದ ಮೇಲೆ ಬಿದ್ದ ಮಳೆ ಹರಿದು ತಗ್ಗಿಗೆ ಬರುವ ಕಡೆ ಮಣ್ಣಿನ ಉದ್ದ ಏರಿ ಹಾಕುತ್ತಿದ್ದರು. ನೀರು ನಿಂತು ಇಂಗಿದ ಮೇಲೆ ಅದೇ ತೇವದಲ್ಲಿ ಗೋಧಿ, ಕಡಲೆ ಬಿತ್ತುವುದು. ಮತ್ತೆ ನೀರು ಹಾಯಿಸುವುದೇ ಇಲ್ಲ. ಇದಕ್ಕೆ ಖಡೀನ್ ಅನ್ನುತ್ತಾರೆ. ಜೈಸಲ್ಮೇರ್ ಸುತ್ತ ಇವತ್ತಿಗೂ ಖಡೀನ್‌ಗಳಲ್ಲಿ ಬೆಳೆ ಬರುತ್ತದೆ, ಜನವರಿಯಲ್ಲಿ ಹಸಿರಾಗಿರುತ್ತವೆ. ಒಬ್ಬ ರೈತರು ನನಗೆ ಒಂದು ಗೇಣು ಮಣ್ಣು ಅಗೆದು ತೋರಿಸಿದ್ದರು. ಮಳೆ ನಿಂತು ತಿಂಗಳುಗಳಾಗಿದ್ದರೂ ಒಳಗೆ ತಂಪು.

ಆದರೆ ಈ ಸಲ ಬಾಡ್ಮೇರ್, ಜೈಸಲ್ಮೇರ್ ಎರಡೂ ಬೇಡ. ಅವು ಪಶ್ಚಿಮಕ್ಕೆ, ನೀವು ಪೂರ್ವಕ್ಕೆ ಹೊರಟಿದ್ದೀರಿ. ಓಡಾಟವೇ ಜಾಸ್ತಿ ಆಗಿ ಮತ್ತೆ ಪ್ಯಾಕೇಜ್ ಟೂರಿನ ಥರ ಆಗಿಬಿಡುತ್ತದೆ, ಅಲ್ವಾ?

ಬೂಂದಿ ವಿಷಯದಲ್ಲಿ ಸರ್ ಹೇಳಿದ್ದು ನಿಜ, ರಾಣೀಜಿ ಬಾವಡಿಗೆ ಸಮ ಇಲ್ಲ. ಆದರೆ ಅದು ಇನ್ನೊಂದು ಮೂಲೆ. ಶೇಖಾವಟಿ ಮುಗಿಸಿ ಜೈಪುರಕ್ಕೆ ಬಂದ ಮೇಲೆ ಅಮ್ಮನಿಗೆ ಆಯಾಸ ಇಲ್ಲದಿದ್ದರೆ ಮಾತ್ರ ಹೋಗಿ, ಅಲ್ಲಿಂದ ಕೋಟಾ ಹತ್ತಿರ, ರೈಲು ಚೆನ್ನಾಗಿ ಸಿಗುತ್ತವೆ. ಆಯಾಸ ಆಗಿದ್ದರೆ ಜೈಪುರದಿಂದ 80 ಕಿಲೋಮೀಟರ್ ಒಳಗೆ ಸಾಂಭರ್ ಉಪ್ಪಿನ ಸರೋವರ ಇದೆ. ಮೆಟ್ಟಿಲೇ ಇಲ್ಲ. ಬಿಳಿ ಉಪ್ಪಿನ ಮಡಿಗಳು, ನೀರಿದ್ದ ವರ್ಷ ರಾಜಹಂಸಗಳು. ಮಗಳಿಗೆ ಅದೂ ಇಷ್ಟವಾಗುತ್ತದೆ.

ಜೋಧಪುರದಲ್ಲಿ ಕಾರು ಗೊತ್ತು ಮಾಡುವಾಗ ನವಲ್‌ಗಢದಲ್ಲಿ ಬಿಡುತ್ತೇವೆ ಅಂತ ಮೊದಲೇ ಹೇಳಿ. ಖಾಲಿ ವಾಪಸ್ ಹೋಗುವ ಬಾಡಿಗೆ ಅವರು ಸೇರಿಸುತ್ತಾರೆ, ಅದನ್ನು ಬರೆಸಿಕೊಳ್ಳಿ. ನವಲ್‌ಗಢದಿಂದ ಜೈಪುರಕ್ಕೆ ಬಸ್ಸು, ರೈಲು ಎರಡೂ ಇವೆ. ಫಲೋದಿಯಲ್ಲಿ ತಂಗುವ ಜಾಗ ಕಡಿಮೆ, ಅದನ್ನು ಎಲ್ಲಕ್ಕಿಂತ ಮೊದಲು ಬುಕ್ ಮಾಡಿ.